ತನಗೆ ತಾನೇ ಕೊಟ್ಟ ಮಾತು

ಕನ್ನಡದಲ್ಲಿ ಮಾತನ್ನು ‘ಕೊಡುತ್ತೇವೆ’. ಕೊಡುವುದು ಅಂದಮೇಲೆ ಇಸಿದುಕೊಳ್ಳುವ ಇನ್ನೊಂದು ಕೈ ಇರಲೇಬೇಕು. ಹಾಗಾದರೆ ಮನುಷ್ಯ ತನಗೆ ತಾನೇ ಕೊಟ್ಟುಕೊಂಡ ಮಾತಿಗೆ ಬೆಲೆ ಎಷ್ಟು? ಕೊಟ್ಟವನೂ ಅವನೇ, ಇಸಿದುಕೊಂಡವನೂ ಅವನೇ. ಕಷ್ಟವಾದಾಗ ‘ಹೋಗಲಿ ಬಿಡು’ ಅಂತ ಮಾಫಿ ಮಾಡುವವನೂ ಅವನೇ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಶಿರಸಿ ಕಡೆಯ ಹುಡುಗನೊಬ್ಬನ ನೋಟ್‌ಬುಕ್ ನೋಡಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹುಡುಗ ಹಗಲು ಅಂಧೇರಿಯಲ್ಲಿ ನೌಕರಿ ಮಾಡುತ್ತಾನೆ, ರಾತ್ರಿ ಬಿಟ್‌ಕಾಯಿನ್ ವ್ಯಾಪಾರ. ನೋಟ್‌ಬುಕ್‌ನಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ನಿಯಮಗಳು: ಒಂದು ವ್ಯವಹಾರದಲ್ಲಿ ಬಂಡವಾಳದ ನೂರಕ್ಕೆ 2ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು, 100ಕ್ಕೆ ಕೊಂಡದ್ದು 92ಕ್ಕೆ ಇಳಿದರೆ ಯೋಚಿಸದೆ ಮಾರಬೇಕು, ದಿನಕ್ಕೆ ಎರಡು ನಷ್ಟವಾದರೆ ಫೋನ್ ಬಂದ್. ನಿಯಮಗಳಲ್ಲಿ ಒಂದು ತಪ್ಪಿಲ್ಲ. ತೊಂದರೆ ಶುರುವಾಗುವುದು 92ರಲ್ಲಿ. ಆಗ ಮನಸ್ಸು ವಕೀಲನಾಗುತ್ತದೆ. ಇದು ಇಳಿತವಲ್ಲ, ಸುಧಾರಿಸಿಕೊಳ್ಳುತ್ತಿದೆ ಅನ್ನುತ್ತದೆ. 92 ಹೋಗಿ 85 ಆಗುತ್ತದೆ. “ಅಣ್ಣಾ, ಬರೆದವ ಬೆಳಗಿನ ನಾನು, ಮುರಿಯೋನು ರಾತ್ರಿಯ ನಾನು” ಅಂತ ಅವನೇ ನಗುತ್ತಾನೆ. 2021ರ ನವೆಂಬರಿನಲ್ಲಿ 69,000 ಡಾಲರಿನ ಹತ್ತಿರ ಹೋಗಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 17,000ಕ್ಕಿಂತ ಕೆಳಗಿಳಿಯಿತು. ‘ಇನ್ನೊಂಚೂರು ನೋಡೋಣ’ ಅಂದವರು ಆ ಇಳಿಜಾರಿನ ಉದ್ದಕ್ಕೂ ನೋಡುತ್ತಲೇ ಇದ್ದರು.

ದಲಾಲ್ ಸ್ಟ್ರೀಟಿನ ಷೇರುಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಬಾಗಿಲು ಹಾಕುತ್ತದೆ. ಇಲ್ಲಿ ಬಾಗಿಲೇ ಇಲ್ಲ, ಭಾನುವಾರವಿಲ್ಲ, ದೀಪಾವಳಿಯಿಲ್ಲ. ಮೇಲಿಂದ 2022ರಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಷೇರುಪೇಟೆಯ ಫ್ಯೂಚರ್ಸ್-ಆಪ್ಷನ್ಸ್ ವ್ಯವಹಾರದಲ್ಲಿ 2024ರ ಮಾರ್ಚ್‌ವರೆಗಿನ ಮೂರು ವರ್ಷ ನೂರಕ್ಕೆ 93 ಮಂದಿ ಕಳೆದುಕೊಂಡರು ಎಂದು ಸೆಬಿ ಲೆಕ್ಕ ಹಾಕಿತು. ಪೇಟೆ ಬೇರೆ, ಮನಸ್ಸು ಅದೇ. ಅವರಿಗೆಲ್ಲ ಲೆಕ್ಕ ಬರುತ್ತಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಪುಣ್ಯಕೋಟಿಯ ಕಥೆ ನಮಗೆಲ್ಲ ಬಾಯಿಪಾಠ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದ ಹಸು ಹುಲಿಯ ಹತ್ತಿರ ಹಿಂತಿರುಗಿತು. ಅಲ್ಲೊಂದು ಹುಲಿ ಕಾಯುತ್ತಿತ್ತು ಅನ್ನುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹುಲಿಗಲ್ಲದೆ ತನಗೇ ಮಾತು ಕೊಟ್ಟುಕೊಂಡಿದ್ದರೆ, ಕರುವಿನ ಮುಖ ನೋಡಿದ ಮೇಲೆ ವಾಪಸು ಬರುತ್ತಿತ್ತೇ? ಬರುತ್ತಿತ್ತು ಅನ್ನುವ ಧೈರ್ಯ ನನಗಿಲ್ಲ.

ಊರಲ್ಲಿ ಏಕಾದಶಿ ಹಿಡಿದವನಿಗೆ ಕಾಯುವ ಕಣ್ಣುಗಳು ಬೇಕಾದಷ್ಟು. ಅಜ್ಜಿ ಇದ್ದಾಳೆ, ಪಕ್ಕದ ಮನೆಯವರಿದ್ದಾರೆ. ಹೊತ್ತ ಹರಕೆ ದೇವರ ಹೆಸರಲ್ಲಿರುತ್ತದೆ, ಅದಕ್ಕೇ ಮುಂಬಯಿಯಿಂದಲೂ ಬಸ್ಸು ಹತ್ತಿ ಹೋಗಿ ತೀರಿಸಿ ಬರುತ್ತೇವೆ. ಪರವೂರಿನ ರಾತ್ರಿ ಒಂದು ಗಂಟೆಗೆ ಯಾರಿದ್ದಾರೆ? ಉಡುಪಿ ಹೋಟೆಲುಗಳಲ್ಲಿ ದುಡಿದ ಹಳಬರು ಹೇಳುವುದುಂಟು: ಸಂಬಳ ಕೈಯಲ್ಲಿದ್ದರೆ ಉಳಿಯದು ಅಂತ ಧಣಿಯ ಹತ್ತಿರವೇ ಬಿಟ್ಟು ಊರಿಗೆ ಮನಿಯಾರ್ಡರ್ ಮಾಡಿಸುತ್ತಿದ್ದರಂತೆ. ಅವರನ್ನು ಸಂಯಮವಿಲ್ಲದವರು ಅನ್ನೋಣವೇ? ನನಗೆ ಅವರು ತಮ್ಮನ್ನು ತಾವು ಚೆನ್ನಾಗಿ ಬಲ್ಲವರು ಅನಿಸುತ್ತದೆ. ಕೊಂಡ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಹಾಕಿಡುವುದೂ ಅಂಥದ್ದೇ. ಆಮೇಲೆ ಮಾರುವುದು ಯಂತ್ರ, ನಿಜ. ಆದರೆ ಮನಸ್ಸು ತಿಳಿಯಾಗಿದ್ದಾಗ ಅದನ್ನು ಒಪ್ಪಿಸಿದವನು ಮನುಷ್ಯ. ಕೊರತೆ ಒಂದೇ, ಧಣಿ ಬೈದು ಕಳಿಸಬಲ್ಲ. ಈ ಆರ್ಡರನ್ನು ಒಂದು ಬೆರಳು ಒತ್ತಿದರೆ ರದ್ದು ಮಾಡಬಹುದು.

ಹುಡುಗನ ಜೊತೆಗಾರ ಕೊಲ್ಹಾಪುರದವನು. ಕನ್ನಡ ನೋಟ್‌ಬುಕ್ ಅವನಿಗೆ ಓದಲಿಕ್ಕೇ ಬರುತ್ತಿರಲಿಲ್ಲ. ಈಗ ಹುಡುಗ ಗೋಡೆಯ ಕ್ಯಾಲೆಂಡರಿನ ಮೇಲೆ ಬರೀ ಅಂಕಿ ಬರೆದಿಡುತ್ತಾನೆ. ನಾಣ್ಯದ ಗಂಧಗಾಳಿಯಿಲ್ಲದ ಆ ಜೊತೆಗಾರ ಮಲಗುವ ಮುಂಚೆ ಫೋನನ್ನೂ ಗೋಡೆಯನ್ನೂ ನೋಡಿ, “ಕಾಯ್ ರೇ, ವಿಕಲಂ ಕಾ?” ಅಂತ ಕೇಳುತ್ತಾನೆ. ಮಾರಿದೆಯೇನೋ ಅಂತ. ಹೌದು ಅನ್ನುವವರೆಗೂ ದೀಪ ಆರಿಸುವುದಿಲ್ಲವಂತೆ.