ಸಿರಿ ಯಾರ ಪುಣ್ಯ, ಬಡತನ ಯಾರ ಪಾಪ?

ರಾಯಚೂರು ಜಿಲ್ಲೆಯ ಸಿಂಧನೂರಿನ ಯಾವ ಅಡತ್ ಅಂಗಡಿಯ ಕಟ್ಟೆಯ ಮೇಲೆ ಕೂತರೂ ಇಂಥದೊಂದು ಮಾತು ಕಿವಿಗೆ ಬೀಳುತ್ತದೆ: "ಆಂಧ್ರದವರು ದುಡಿತಾರ, ಮ್ಯಾಲ ಬಂದಾರ. ನಮ್ಮ ಹಣೇಬರ ಇಷ್ಟ." ಸಿರಿಯೆಂದರೆ ದುಡಿಮೆಯ ಫಲ, ಬಡತನವೆಂದರೆ ಹಣೆಬರಹ. ಈ ಎರಡನ್ನೂ ಒಪ್ಪಿಬಿಟ್ಟರೆ ಉಳ್ಳವನು ಯಾರಿಗೂ ಉತ್ತರ ಕೊಡಬೇಕಿಲ್ಲ, ಇಲ್ಲದವನು ಯಾರನ್ನೂ ಕೇಳುವಂತಿಲ್ಲ. ಅದಕ್ಕೇ ಈ ಮಾತನ್ನು ಸುಮ್ಮನೆ ಬಿಡಬಾರದು.

ಅದನ್ನು ಒರೆಗೆ ಹಚ್ಚಲು ಸಿಂಧನೂರಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಹೊರಗಿನಿಂದ ಬಂದ ಎರಡು ಸಮುದಾಯಗಳು ಇಲ್ಲಿ ಒಂದೇ ತಾಲ್ಲೂಕಿನಲ್ಲಿ ಅರ್ಧ ಶತಮಾನದಿಂದ ಬದುಕಿವೆ. ಒಂದು ಕರಾವಳಿ ಆಂಧ್ರದಿಂದ ಬಂದ ತೆಲುಗರದು, ಇನ್ನೊಂದು ಪೂರ್ವ ಬಂಗಾಳದಿಂದ ಬಂದ ಹಿಂದೂ ನಿರಾಶ್ರಿತರದು. ಇಬ್ಬರ ಊರುಗಳನ್ನೂ ಜನ ಕ್ಯಾಂಪ್ ಎಂದೇ ಕರೆಯುತ್ತಾರೆ. ಇಬ್ಬರೂ ಭತ್ತದ ನಾಡಿನವರು, ಇಬ್ಬರೂ ಮೈಮುರಿದು ದುಡಿದವರು. ಆದರೂ ತೆಲುಗರ ಆರ್ಥಿಕ ಸ್ಥಿತಿಗೂ ಬಂಗಾಳಿಗಳದಕ್ಕೂ ಅಜಗಜಾಂತರ.

ಮೊದಲು ತೆಲುಗರ ಕಥೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಪೂರ್ಣಗೊಂಡಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆಯಲ್ಲಿ ನೀರು ಬಂದಾಗ ಗಂಗಾವತಿಯಿಂದ ಮಾನ್ವಿ, ರಾಯಚೂರಿನವರೆಗೂ ಇದು ಬಿಳಿಜೋಳ, ಸಜ್ಜೆ, ಹತ್ತಿಯ ಸೀಮೆಯಾಗಿತ್ತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಇಲ್ಲಿನ ರೈತನಿಗೆ ಎರೆ ಹೊಲವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಏರುತಗ್ಗಿನ ಹೊಲವನ್ನು ಸಮ ಮಾಡಿ, ಬದು ಹಾಕಿ, ಗದ್ದೆ ಕಟ್ಟುವ ಬಂಡವಾಳವಾಗಲಿ ರೂಢಿಯಾಗಲಿ ಅವನಿಗಿರಲಿಲ್ಲ. ಆಗ ಕೃಷ್ಣಾ, ಗೋದಾವರಿ ಬಯಲಿನ ಜಿಲ್ಲೆಗಳಿಂದ ತೆಲುಗು ರೈತರು ಬಂದರು. ಗೋದಾವರಿಗೆ ಧವಳೇಶ್ವರದಲ್ಲಿ 1852ರಷ್ಟು ಹಿಂದೆಯೇ ಆನಿಕಟ್ಟು ಎದ್ದಿತ್ತು. ಕೃಷ್ಣೆಗೆ ವಿಜಯವಾಡದಲ್ಲಿ 1855ರಲ್ಲಿ. ಕಾಲುವೆ ನೀರಿನಲ್ಲಿ ನೂರು ವರ್ಷ ಭತ್ತ ಬೆಳೆದ ಅನುಭವ ಅವರ ಬೆನ್ನಿಗಿತ್ತು. ಅಲ್ಲಿ ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಬರುತ್ತಿತ್ತು.

ಅವರೇನೂ ಸುಖಕ್ಕೆ ಬಂದವರಲ್ಲ. ಜಾಲಿ ಕಡಿದು, ಗುಡಿಸಲು ಹಾಕಿ, ಹಾವುಚೇಳುಗಳ ನಡುವೆ ಹೆಂಡಿರುಮಕ್ಕಳೊಂದಿಗೆ ವರ್ಷಗಟ್ಟಲೆ ಬದುಕಿದರು. ಗಾಂಧಿನಗರ, ಗೊರೇಬಾಳ ಕ್ಯಾಂಪುಗಳ ಇಂದಿನ ಕಾಂಕ್ರೀಟ್ ಮನೆಗಳ ಹಿಂದೆ ಆ ಕಷ್ಟವಿದೆ. ಸಿಂಧನೂರು ಭತ್ತದ ಕಣಜವಾದದ್ದು, ಸೋನಾ ಮಸೂರಿಗೆ ಹೆಸರಾದದ್ದು, ರೈಸ್ ಮಿಲ್ಲುಗಳೂ ಟ್ರ್ಯಾಕ್ಟರ್ ಷೋರೂಮುಗಳೂ ಸಾಲುಗಟ್ಟಿದ್ದು ಬಹುಪಾಲು ಅವರು ಬಂದ ಮೇಲೆಯೇ. ಇದನ್ನು ಒಪ್ಪದವರು ನ್ಯಾಯದ ಮಾತಾಡಲಾರರು.

ಬಂಗಾಳಿಗಳ ದಾರಿ ಬೇರೆ. ದೇಶ ಇಬ್ಭಾಗವಾದ ಮೇಲೆ ಪೂರ್ವ ಪಾಕಿಸ್ತಾನದಲ್ಲಿ ಹಿಂಸೆ ತಾಳಲಾರದೆ ಗಡಿ ದಾಟಿದ ಲಕ್ಷಾಂತರ ಹಿಂದೂಗಳಲ್ಲಿ ದೊಡ್ಡ ಪಾಲು ನಮಶೂದ್ರರದು. ನದಿಬಯಲಿನ ಬೇಸಾಯಗಾರರು, ಮೀನುಗಾರರು, ದೋಣಿ ನಡೆಸುವವರು. ಅವರಲ್ಲಿ ಕೆಲವು ನೂರು ಕುಟುಂಬಗಳನ್ನು ಕೇಂದ್ರ ಸರ್ಕಾರ ಸಿಂಧನೂರಿಗೆ ತಂದು ನೆಲೆಗೊಳಿಸಿತು. ಬರ್ಮಾದಿಂದ ಬಂದ ಕುಟುಂಬಗಳಿಗೂ ಇದೇ ಯೋಜನೆಯಲ್ಲಿ ಜಾಗ ಸಿಕ್ಕಿತು. ಪುನರ್ವಸತಿ ಇಲಾಖೆಯ ಕಡತದ ಹೆಸರೇ ಊರಿನ ಹೆಸರಾಗಿ ಆರ್‌ಎಚ್ ಕ್ಯಾಂಪ್ 1, 2, 3, 4, 5 ಎಂದು ಉಳಿದುಕೊಂಡಿತು. ಕುಟುಂಬಕ್ಕೆ ಐದು ಎಕರೆ ಜಮೀನು. ಇಂದಿಗೂ ಅಲ್ಲಿ ದಸರೆಯ ಹೊತ್ತಿಗೆ ದುರ್ಗಾಪೂಜೆಯ ಪೆಂಡಾಲು ಏಳುತ್ತದೆ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ.

ಭತ್ತ ಬೆಳೆಯುವುದನ್ನು ಈ ಜನಕ್ಕೆ ಯಾರೂ ಕಲಿಸಬೇಕಿರಲಿಲ್ಲ. ಗಂಗಾ–ಬ್ರಹ್ಮಪುತ್ರಾ ಬಯಲಿನ ಮಕ್ಕಳಿಗೆ ಕೆಸರು ಹೊಸದಲ್ಲ. ದುಡಿಮೆಯ ವಿಷಯದಲ್ಲೂ ಇವರ ಪರಂಪರೆ ಯಾರಿಗೂ ಕಡಿಮೆಯಿಲ್ಲ. 19ನೇ ಶತಮಾನದಲ್ಲಿ ಹರಿಚಾಂದ್ ಠಾಕೂರರು ನಮಶೂದ್ರರ ನಡುವೆ ಕಟ್ಟಿದ ಮತುವಾ ಪಂಥ ಸಂಸಾರ ಬಿಟ್ಟು ಓಡುವುದನ್ನು ಒಪ್ಪಲಿಲ್ಲ. ಹರಿನಾಮ ಹೇಳುತ್ತಲೇ ಕೈತುಂಬ ಕೆಲಸ ಮಾಡಬೇಕೆಂದಿತು. ಅವರ ಮಗ ಗುರುಚಾಂದರು ಊರೂರಿಗೂ ಶಾಲೆ ಬೇಕೆಂದು ಹಟ ಹಿಡಿದರು. ಬಸವಣ್ಣನ ನಾಡಿನವರಿಗೆ ಇದು ತೀರಾ ಪರಿಚಿತವಾದ ವಿಚಾರ.

ಹಾಗಾದರೆ ವ್ಯತ್ಯಾಸ ಬಂದದ್ದೆಲ್ಲಿಂದ?

ಮೊದಲನೆಯದು ಬಂಡವಾಳ. ತೆಲುಗು ರೈತ ಜಮೀನು ಮಾರಿದ ದುಡ್ಡು ತಂದ; ಬೆಳೆ ಕೈಕೊಟ್ಟರೆ ಊರಿನಲ್ಲಿ ಅಣ್ಣತಮ್ಮಂದಿರಿದ್ದರು, ಸಾಲ ಕೊಡುವ ನೆಂಟರಿದ್ದರು. ಬಂಗಾಳಿ ಉಟ್ಟ ಬಟ್ಟೆಯಲ್ಲಿ ಬಂದ. ಅವನಿಗೆ ಹಿಂದಿರುಗಲು ಊರೇ ಇರಲಿಲ್ಲ. ಎರಡನೆಯದು ನೆಲ. ತೆಲುಗ ಕಾಲುವೆ ನೋಡಿ ಹೊಲ ಆರಿಸಿಕೊಂಡ, ಕೂಡಿದಾಗ ಪಕ್ಕದ್ದನ್ನೂ ಕೊಂಡ. ಬಂಗಾಳಿಗೆ ಸಿಕ್ಕಿದ್ದು ಸರ್ಕಾರ ಅಳೆದುಕೊಟ್ಟ ಐದು ಎಕರೆ. ಪ್ರತಿ ತಲೆಮಾರಿನಲ್ಲಿ ಇಬ್ಬರು ಗಂಡುಮಕ್ಕಳು ಪಾಲು ಮಾಡಿಕೊಂಡರೂ ಮೊಮ್ಮಕ್ಕಳ ಕಾಲಕ್ಕೆ ಅದು ತಲಾ ಒಂದೂಕಾಲು ಎಕರೆ.

ಮೂರನೆಯದು ಕಾಗದ. ತೆಲುಗ ಬಂದದ್ದು ಒಂದು ರಾಜ್ಯದಿಂದ ಇನ್ನೊಂದಕ್ಕೆ. ಅವನ ಪೌರತ್ವವನ್ನು ಯಾರೂ ಪ್ರಶ್ನಿಸಲಿಲ್ಲ. ಕ್ಯಾಂಪುಗಳ ಹಲವು ಬಂಗಾಳಿಗಳಿಗೆ ಅದೇ ಪ್ರಶ್ನೆ ದಶಕಗಳ ಕಾಲ ಕಾಡಿತು. ಪೌರತ್ವ ತಿದ್ದುಪಡಿ ಕಾಯ್ದೆ 2019ರಲ್ಲಿ ಬಂದು, ಅದರ ನಿಯಮಗಳು ಜಾರಿಯಾದದ್ದು 2024ರ ಮಾರ್ಚ್‌ನಲ್ಲಿ. ಆಮೇಲಷ್ಟೇ ಇಲ್ಲಿನ ಬೆರಳೆಣಿಕೆಯ ಮಂದಿಗೆ ಪೌರತ್ವದ ಪತ್ರ ಕೈಸೇರಿತು. ಜಾತಿ ಪ್ರಮಾಣಪತ್ರದ್ದು ಇನ್ನೊಂದು ನೋವು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ ನಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ. 1946ರಲ್ಲಿ ಅಂಬೇಡ್ಕರರು ಸಂವಿಧಾನ ಸಭೆಗೆ ಆಯ್ಕೆಯಾದದ್ದು ಬಂಗಾಳದಿಂದ. ಅದಕ್ಕಾಗಿ ಟೊಂಕ ಕಟ್ಟಿ ನಿಂತವರು ನಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲ್. ಅದೇ ಸಮುದಾಯದ ಹುಡುಗನೊಬ್ಬ ಸಿಂಧನೂರಿನ ಕಾಲೇಜಿನಲ್ಲಿ ಅಂಬೇಡ್ಕರರ ಸಂವಿಧಾನ ಕೊಟ್ಟ ವಿದ್ಯಾರ್ಥಿವೇತನದ ಅರ್ಜಿ ತುಂಬಲಾರ.

ಈ ಮೂರರಲ್ಲಿ ಯಾವುದೂ ಗುಣದ ವಿಷಯವಲ್ಲ, ಹಿಂದಿನ ಜನ್ಮದ ಪುಣ್ಯಪಾಪದ ವಿಷಯವೂ ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಧರ್ಮಗಳನ್ನು ಅಧ್ಯಯನ ಮಾಡುತ್ತ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಸುಖವಾಗಿರುವವನಿಗೆ ಸುಖವೊಂದೇ ಸಾಲುವುದಿಲ್ಲ. ಆ ಸುಖಕ್ಕೆ ತಾನು ಅರ್ಹನೆಂದೂ, ಕಷ್ಟದಲ್ಲಿರುವವನಿಗೆ ತಕ್ಕದ್ದೇ ಸಿಕ್ಕಿದೆಯೆಂದೂ ಅನ್ನಿಸಬೇಕು. ಆ ಸಮಾಧಾನವನ್ನು ಧರ್ಮದಿಂದ ಪಡೆಯುವ ಆಸೆ ಎಲ್ಲ ಕಾಲದಲ್ಲೂ ಇದೆ. ಹಣೆಬರಹದ ಮಾತು ಉಳ್ಳವರಿಗೆ ಒದಗಿಬರುವುದೇ ಹೀಗೆ. ಸಂಕಟವೆಂದರೆ, ಇಲ್ಲದವರೂ ಅದನ್ನು ನಂಬಿಬಿಡುತ್ತಾರೆ.

ಆದರೆ ಈ ನೆಲದಲ್ಲೇ ಹುಟ್ಟಿದ ಧರ್ಮಚಿಂತನೆ ಆ ಸಮಾಧಾನವನ್ನು ಕೊಡುವುದಿಲ್ಲ. ಕಾಯಕವನ್ನು ಕೈಲಾಸಕ್ಕೆ ಸಮವೆಂದ ಆಯ್ದಕ್ಕಿ ಮಾರಯ್ಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವನು. ಗುರುಗುಂಟಾದ ಬಳಿಯ ಅಮರೇಶ್ವರ ದೇವರ ಹೆಸರೇ ಅವನ ವಚನಗಳ ಅಂಕಿತ. ಹೆಂಡತಿ ಲಕ್ಕಮ್ಮನೊಂದಿಗೆ ಕಲ್ಯಾಣಕ್ಕೆ ಹೋದ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ಮರಳಿ ಕಳಿಸಿದಳು.

ಈ ಕಥೆಯನ್ನು ಅತಿಯಾಸೆ ಬೇಡ ಎಂಬ ನೀತಿಗೆ ಇಳಿಸಿ ಹೇಳುವುದೇ ಹೆಚ್ಚು. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ಮಾರಯ್ಯ ಕದ್ದಿರಲಿಲ್ಲ, ಬೇಡಿರಲಿಲ್ಲ. ಹೆಚ್ಚಿನ ಅಕ್ಕಿಯನ್ನೂ ಬೆನ್ನು ಬಗ್ಗಿಸಿಯೇ ಆಯ್ದಿದ್ದ. ಅಂದರೆ ಲಕ್ಕಮ್ಮನ ಪ್ರಕಾರ ದುಡಿದು ತಂದದ್ದೆಲ್ಲ ದುಡಿದವನದಾಗುವುದಿಲ್ಲ. ಎಷ್ಟು ತರಬೇಕೆಂಬುದಕ್ಕೆ ಒಂದು ಅಳತೆ ಇದೆ, ಮಿಕ್ಕಿದ್ದರಲ್ಲಿ ಬೇರೆಯವರ ಪಾಲಿದೆ. ಎಂಟುನೂರು ವರ್ಷಗಳ ಹಿಂದೆ ಅಕ್ಕಿಯ ಮುಂದೆ ನಿಂತು ಆ ತಾಯಿ ಎತ್ತಿದ ಪ್ರಶ್ನೆ ಇವತ್ತು ಇದೇ ಜಿಲ್ಲೆಯ ಕಾಲುವೆ ತೂಬುಗಳ ಮುಂದೆ ನಿಂತಿದೆ.

ಎಡದಂಡೆ ಕಾಲುವೆಯನ್ನು ಕಟ್ಟಿದ್ದು ಭತ್ತಕ್ಕಾಗಿ ಅಲ್ಲ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರವೇ ಗೊತ್ತುಮಾಡಿತ್ತು. ಹೆಚ್ಚಿನ ಹೊಲಗಳಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸಣ್ಣ ಪಾಲು ಮಾತ್ರ. ಕಾಲುವೆ ದೂರದ ಹೊಲಕ್ಕೂ ಮುಟ್ಟಲಿ ಎಂಬುದು ಅದರ ಉದ್ದೇಶ. ಆದರೆ ಭತ್ತ ಲಾಭ ತಂದಿತು, ಮೇಲ್ಭಾಗದಲ್ಲಿ ಗದ್ದೆಗಳು ಬೆಳೆದವು. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ವರ್ಷವರ್ಷವೂ ನೀರಿಗಾಗಿ ರಸ್ತೆಗಿಳಿಯುವಂತಾಯಿತು. ಮೇಲ್ಭಾಗದ ಗದ್ದೆಯಲ್ಲಿ ತೆಲುಗರಷ್ಟೇ ಇಲ್ಲ, ಅವರನ್ನು ನೋಡಿ ಭತ್ತಕ್ಕೆ ತಿರುಗಿದ ಕನ್ನಡದ ದೊಡ್ಡ ರೈತರೂ ಇದ್ದಾರೆ. ಅವರೆಲ್ಲರೂ ದುಡಿಯುವುದು ನಿಜ. ಆದರೆ ಅವರ ದುಡಿಮೆಗೆ ಕೂಡಿಬಂದ ನೀರಿನಲ್ಲಿ ಕೆಳಗಿನವರ ಪಾಲೂ ಸೇರಿದೆ.

ಎಲ್ಲರ ಸಿರಿಯೂ ಎಷ್ಟು ತೆಳುವಾದ ಆಸರೆಯ ಮೇಲೆ ನಿಂತಿದೆ ಎಂಬುದು 2024ರ ಆಗಸ್ಟ್ 10ರ ರಾತ್ರಿ ತಿಳಿಯಿತು. ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹಿಂದಿನ ವರ್ಷವಷ್ಟೇ ಬರ ಬಂದು ಎರಡನೇ ಬೆಳೆ ಕಳೆದುಕೊಂಡಿದ್ದ ರೈತರು ನಿದ್ದೆಗೆಟ್ಟರು. ತಂತ್ರಜ್ಞರು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಮಳೆಯೂ ಕೈಹಿಡಿಯಿತು, ಬೆಳೆ ಉಳಿಯಿತು. ಮೊದಲು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಮಾತ್ರ ಜಾಗವಿದೆ. ನನ್ನ ಸ್ವಂತ ದುಡಿಮೆ ಎಂದು ಎದೆ ತಟ್ಟಿಕೊಳ್ಳುವ ಪ್ರತಿ ಎಕರೆಯ ಹಿಂದೆ ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಅಣೆಕಟ್ಟೆ ಇದೆ, ಅದಕ್ಕಾಗಿ ಊರು ಮುಳುಗಿಸಿಕೊಂಡವರಿದ್ದಾರೆ.

ಈ ಹೋಲಿಕೆಯಲ್ಲಿ ಮೂರನೆಯವರೂ ಇದ್ದಾರೆ. ನಾಟಿಯ ಹಂಗಾಮಿನಲ್ಲಿ ನಸುಕಿಗೇ ಟಂಟಂಗಳು, ಟ್ರ್ಯಾಕ್ಟರುಗಳು ಒಣಸೀಮೆಯ ಹಳ್ಳಿಗಳಿಂದ ಹೆಣ್ಣಾಳುಗಳನ್ನು ತುಂಬಿಕೊಂಡು ಕ್ಯಾಂಪುಗಳ ಕಡೆ ಹೊರಡುತ್ತವೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ, ಸಾಲಾಗಿ ಬಗ್ಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ಸಸಿ ಊರುತ್ತಾರೆ. ಎಕರೆಗೆ ಇಷ್ಟು ಎಂದು ಗುತ್ತಿಗೆ. ಬೇಗ ಮುಗಿದರೆ ಇನ್ನೊಂದು ಗದ್ದೆ. ಮೊಣಕಾಲಮಟ್ಟ ಕೆಸರಿನಲ್ಲಿ ದಿನವೆಲ್ಲ ನಿಂತ ಕಾಲಬೆರಳ ಸಂದುಗಳು ಕೊಳೆಯುತ್ತವೆ. ದುಡಿಮೆಯೊಂದೇ ಸಿರಿ ತರುವುದಾಗಿದ್ದರೆ ಈ ಸೀಮೆಯ ಸಾಹುಕಾರರು ಇವರೇ ಆಗಿರಬೇಕಿತ್ತು. ಹಂಗಾಮು ಮುಗಿದ ಮೇಲೆ ಇದೇ ಹಳ್ಳಿಗಳ, ಲಿಂಗಸುಗೂರಿನ ತಾಂಡಾಗಳ ಎಷ್ಟೋ ಕುಟುಂಬಗಳು ಮಕ್ಕಳನ್ನು ಶಾಲೆ ಬಿಡಿಸಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತವೆ. ಇಂಥ ಒಣಸೀಮೆಯಲ್ಲೇ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ, 2020ರ ಕೊನೆಯಲ್ಲಿ ತಮ್ಮ ಹೊಲಗಳಿಗೂ ನೀರು ತರುವ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತು ತಿಂಗಳುಗಟ್ಟಲೆ ಏಳಲಿಲ್ಲ. ಅವರು ಹಣೆಬರಹವನ್ನು ನಂಬಿದ್ದರೆ ಪೆಂಡಾಲು ಹಾಕುತ್ತಿರಲಿಲ್ಲ.

ಅವರು ಕೂತ ನೆಲದ ಹತ್ತಿರವೇ, ಮಸ್ಕಿಯ ಗುಡ್ಡದ ಬಂಡೆಯ ಮೇಲೆ, ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆ ಮಾಡಿದರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾದದ್ದು ಈ ಕಲ್ಲಿನಿಂದ. ಅದಕ್ಕೇ ಅದು ಜಗತ್ತಿಗೆಲ್ಲ ಪ್ರಸಿದ್ಧ. ಆದರೆ ಶಾಸನದ ತಿರುಳು ಹೆಸರಲ್ಲಿಲ್ಲ. ಧರ್ಮದಲ್ಲಿ ನಿಂತರೆ ಸಣ್ಣವನೂ ಎತ್ತರ ಮುಟ್ಟಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ಅರ್ಥ. ಅಶೋಕ ಹೇಳಿದ್ದು ಧರ್ಮದ ಎತ್ತರವನ್ನು, ಎಕರೆಗಳನ್ನಲ್ಲ. ಆದರೂ ದೊಡ್ಡಸ್ತಿಕೆ ಹುಟ್ಟಿನಿಂದ ಬರುವುದಿಲ್ಲ ಎಂದು ರಾಜನೊಬ್ಬ ಈ ಬಂಡೆಯ ಮೇಲೆ ಬರೆಸಿದ ಮೇಲೆ, ಅದೇ ಊರಿನವರು ಬಡತನವನ್ನು ಹುಟ್ಟಿಗೆ ಕಟ್ಟುವುದು ಸಲ್ಲದು.

ತೆಲುಗರ ಸಿರಿ ಪಾಪವಲ್ಲ, ಬಂಗಾಳಿಗಳ ಬಡತನ ಕರ್ಮವಲ್ಲ. ಎರಡರ ಹಿಂದೆಯೂ ಮನುಷ್ಯರ ನಿರ್ಧಾರಗಳಿವೆ: ಯಾರಿಗೆ ಎಷ್ಟು ನೆಲ, ಯಾರ ತೂಬಿಗೆ ಎಷ್ಟು ನೀರು, ಯಾರ ಕೈಗೆ ಯಾವ ಕಾಗದ. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ತಿದ್ದಬಹುದು. ಕರ್ನಾಟಕ ಸರ್ಕಾರ ನಮಶೂದ್ರರ ಜಾತಿ ಪಟ್ಟಿಯ ಪ್ರಶ್ನೆಯನ್ನು ಇನ್ನೊಂದು ತಲೆಮಾರಿಗೆ ಮುಂದೂಡಬಾರದು. ಪೌರತ್ವದ ಅರ್ಜಿಗಳು ಆರ್‌ಎಚ್ ಕ್ಯಾಂಪುಗಳ ಬಾಗಿಲಲ್ಲೇ ವಿಲೇವಾರಿಯಾಗಬೇಕು. ನೀರಾವರಿ ಸಲಹಾ ಸಮಿತಿ ಸಭೆ ಸೇರುವಾಗ ಕೊನೆಭಾಗದ ರೈತನ ಪಾಲನ್ನು ಮೊದಲು ಎಣಿಸಿ, ಆಮೇಲೆ ಮೇಲ್ಭಾಗದ ಭತ್ತದ ಮಾತಾಡಬೇಕು. ನಾಟಿ ಮಾಡುವ ಹೆಣ್ಣುಮಕ್ಕಳ ಕೂಲಿಯನ್ನೂ ಆ ಲೆಕ್ಕದಲ್ಲಿ ತರಬೇಕು. ಕಾಲುವೆಯ ದಂಡೆಯಲ್ಲಿ ಚೆನ್ನಾಗಿ ಬದುಕಿದವರು, ತೆಲುಗರಾಗಲಿ ಕನ್ನಡಿಗರಾಗಲಿ, ಈ ಬೇಡಿಕೆಗಳನ್ನು ತಮ್ಮವೇ ಎಂದು ಮೊದಲು ಎತ್ತಬೇಕು.