ಆಲ್‌ಮೋಸ್ಟ್ ಮುಗೀತು

ನಮ್ಮ ಆಫೀಸುಗಳ ಬೆಳಗಿನ ಮೀಟಿಂಗ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾತು ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿ ಹೇಳ್ತೀನಿ: ‘ಆಲ್‌ಮೋಸ್ಟ್ ಮುಗೀತು.’ ಮುಗಿದಿದೆ ಅಂದರೆ ಹೊಣೆ ಹೆಗಲಿಗೆ ಬರುತ್ತೆ, ಮುಗಿದಿಲ್ಲ ಅಂದರೆ ಬೈಗುಳ ಬರುತ್ತೆ. ಎರಡರ ನಡುವೆ ತಂಪಾಗಿ ಕೂರೋ ಜಾಗ ಇದು. ಯಂತ್ರಗಳ ಲೋಕದಲ್ಲೂ ಇಂಥ ಜಾಗ ಇದೆ. ಅಲ್ಲಿ ಕೂತಿದ್ದಕ್ಕೆ ಬಾಡಿಗೆ ಕಟ್ಟಬೇಕು, ಅಷ್ಟೇ ವ್ಯತ್ಯಾಸ.

ಕ್ಲೌಡ್‌ಗೆ ದೊಡ್ಡ ಫೈಲ್ ಕಳಿಸುವ ಕ್ರಮ ನೋಡಿ. ಅಮೆಜಾನ್‌ನ ಎಸ್3 ಸ್ಟೋರೇಜ್‌ಗೆ ಒಂದೇ ಏಟಿಗೆ 5 ಜಿಬಿಗಿಂತ ದೊಡ್ಡದನ್ನು ಕಳಿಸೋಕೆ ಆಗಲ್ಲ. ಅದಕ್ಕೇ 2010ರಲ್ಲಿ ಅವರು ‘ಮಲ್ಟಿಪಾರ್ಟ್ ಅಪ್‌ಲೋಡ್’ ತಂದರು. ಮೊದಲು ‘ಶುರು ಮಾಡ್ತೀನಿ’ ಅಂತ ತಿಳಿಸಬೇಕು, ಅವರು ಒಂದು ಐಡಿ ಕೊಡ್ತಾರೆ. ಆಮೇಲೆ ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೂ 1ರಿಂದ 10,000ದೊಳಗೆ ಒಂದು ನಂಬರ್ ಕೊಟ್ಟು ಕಳಿಸಬೇಕು. ತುಂಡು ಕನಿಷ್ಠ 5 ಎಂಬಿ ಇರಬೇಕು, ಕೊನೆಯದು ಮಾತ್ರ ಚಿಕ್ಕದಿದ್ದರೂ ನಡೆಯುತ್ತೆ. 7ನೆಯದು ಮೊದಲು ಹೋಗಲಿ, 2ನೆಯದು ಆಮೇಲೆ ಹೋಗಲಿ, ಹತ್ತು ಒಟ್ಟಿಗೆ ಹೋಗಲಿ, ತೊಂದರೆಯಿಲ್ಲ. ಮಧ್ಯೆ ನೆಟ್ ಕೈಕೊಟ್ಟರೆ ಕೆಟ್ಟ ತುಂಡನ್ನಷ್ಟೇ ಮತ್ತೆ ಕಳಿಸಿದರಾಯಿತು. ಒಂದೊಂದು ತುಂಡು ತಲುಪಿದಾಗಲೂ ‘ಇ-ಟ್ಯಾಗ್’ ಅನ್ನೋ ರಸೀತಿ ಬರುತ್ತೆ. ಕೊನೆಗೆ ಎಲ್ಲ ನಂಬರು, ಎಲ್ಲ ರಸೀತಿ ಪಟ್ಟಿ ಮಾಡಿ ‘ಕಂಪ್ಲೀಟ್’ ಅಂತ ಹೇಳಬೇಕು.

ಆ ಕೊನೆಯ ಮಾತು ಹೇಳುವವರೆಗೆ ಅಲ್ಲಿ ಫೈಲೇ ಇಲ್ಲ. ಅಷ್ಟೂ ತುಂಡು ತಲುಪಿದ್ದರೂ ಇಲ್ಲ. ಮಾಮೂಲಿ ಪಟ್ಟಿಯಲ್ಲಿ ಹೆಸರು ಕಾಣಲ್ಲ, ಯಾರೂ ತೆರೆದು ನೋಡೋಕಾಗಲ್ಲ. ಆದರೆ ತುಂಡುಗಳು ಜಾಗ ಹಿಡಿದು ಕೂತಿರುತ್ತವೆ, ಬಿಲ್ ತಿಂಗಳು ತಿಂಗಳೂ ಬರ್ತಾ ಇರುತ್ತೆ.

ನಾನು ಹಿಂದೆ ಇದ್ದ ಒಂದು ಟೀಮಿನಲ್ಲಿ ಬಿಲ್ ಯಾಕೆ ಇಷ್ಟು ಅಂತ ಹುಡುಕ್ತಾ ಹೋದಾಗ ಇಂಥ ಅರ್ಧಂಬರ್ಧ ಅಪ್‌ಲೋಡ್‌ಗಳ ರಾಶಿಯೇ ಸಿಕ್ಕಿತು. ಕೆಲವನ್ನು ಶುರು ಮಾಡಿದವರು ಕಂಪನಿ ಬಿಟ್ಟೇ ಹೋಗಿದ್ದರು. ಬಹಳಷ್ಟು ಕಸ, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಒಂದೆರಡು ಮಾತ್ರ ಹಳೇ ವಿಡಿಯೋ ದಾಖಲೆಗಳು, ಮೂಲ ಪ್ರತಿ ಇದೆಯೋ ಇಲ್ಲವೋ ಹೇಳೋರಿಲ್ಲ. ಆಗ ಟೀಮಿನ ಒಬ್ಬ ಹುಡುಗ, ಜಾಣ ಹುಡುಗ, ಒಂದು ಉಪಾಯ ಹೇಳಿದ: ‘ಬಂದಿರೋ ಪಾರ್ಟ್‌ಗಳ ಲಿಸ್ಟ್ ಹೇಗೂ ಸಿಗುತ್ತಲ್ಲ ಸರ್. ಅದನ್ನೇ ಕೊಟ್ಟು ಕಂಪ್ಲೀಟ್ ಮಾಡಿಬಿಡೋಣ. ಅಳಿಸೋದಕ್ಕಿಂತ ಫೈಲ್ ಅಂತ ಒಂದಾದ್ರೂ ಇರುತ್ತೆ.’

ತಾಂತ್ರಿಕವಾಗಿ ಇದು ಆಗುತ್ತೆ. ನನ್ನನ್ನು ಕಾಡಿದ್ದೂ ಅದೇ. ನಾಲ್ಕು ತುಂಡಿನ ಫೈಲಲ್ಲಿ 3ನೆಯದು ಬಂದೇ ಇಲ್ಲ ಅನ್ನಿ. 1, 2, 4 ಅಂತ ಪಟ್ಟಿ ಕೊಟ್ಟು ಮುಗೀತು ಅಂದರೆ ಎಸ್3 ಮರುಮಾತಿಲ್ಲದೆ ಜೋಡಿಸಿ ಕೊಡುತ್ತೆ. ನಂಬರುಗಳು ಏರುಕ್ರಮದಲ್ಲಿದ್ದರೆ ಸಾಕು, ನಡುವೆ ಬಿಟ್ಟುಹೋಗಿದ್ದರೆ ಅದು ಕೇಳೋದಿಲ್ಲ. ಹೊಸ ಫೈಲಿಗೆ ಹೆಸರಿರುತ್ತೆ, ಸೈಜ್ ಇರುತ್ತೆ, ತಾರೀಕು ಇರುತ್ತೆ. ಅದರ ಇ-ಟ್ಯಾಗ್‌ನ ಬಾಲದಲ್ಲಿ ‘-3’ ಅಂತ ಇರುತ್ತೆ, ಅಂದರೆ ಮೂರು ತುಂಡು ಸೇರಿ ಆದದ್ದು. ನಾಲ್ಕಿರಬೇಕಿತ್ತು ಅಂತ ಎಲ್ಲೂ ಬರೆದಿರಲ್ಲ. ಇಡೀ ಫೈಲಿನ ಚೆಕ್‌ಸಮ್ ಕೊಟ್ಟು ತಾಳೆ ನೋಡಿಸೋ ಸೌಲಭ್ಯ ಈಗಿದೆ, ಆದರೆ ಆ ಲೆಕ್ಕ ಗೊತ್ತಿರಬೇಕಾದ್ದೂ ಕಳಿಸಿದವನಿಗೇ. ತಲುಪಿದ ತುಂಡುಗಳ ಪಟ್ಟಿಯನ್ನು ಪರಿಶೀಲನೆಗೆ ಮಾತ್ರ ಇಟ್ಟುಕೊಳ್ಳಿ, ಕಂಪ್ಲೀಟ್ ಹೇಳುವಾಗ ನೀವೇ ಬರೆದಿಟ್ಟ ಪಟ್ಟಿ ಬಳಸಿ ಅಂತ ಅಮೆಜಾನ್‌ನವರೇ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ನಾನು ಓದಿದ ಕೈಪಿಡಿಗಳಲ್ಲಿ ಇಷ್ಟು ತೂಕದ ಮಾತು ಬೇರೆ ಸಿಕ್ಕಿಲ್ಲ. ಬಂದದ್ದೆಷ್ಟು ಅಂತ ಪಡೆದವನಿಗೆ ಗೊತ್ತಿರುತ್ತೆ. ಬರಬೇಕಾದ್ದೆಷ್ಟು ಅನ್ನೋದು ಕಳಿಸಿದವನಿಗೆ ಮಾತ್ರ ಗೊತ್ತು.

(ಅಂದಹಾಗೆ ಎಸ್3 ಕೂಡ ಪೂರ್ತಿ ಸಾಚಾ ಅಲ್ಲ. ದೊಡ್ಡ ಫೈಲ್ ಜೋಡಿಸೋಕೆ ನಿಮಿಷಗಟ್ಟಲೆ ಹಿಡಿಯಬಹುದು. ಅಲ್ಲಿಯ ತನಕ ಲೈನ್ ಕಟ್ ಆಗದಿರಲಿ ಅಂತ ಮೊದಲೇ ‘200 ಓಕೆ’ ಅಂದುಬಿಟ್ಟು, ಫೋನಲ್ಲಿ ಹೂಂ ಹೂಂ ಅನ್ನೋರ ಹಾಗೆ ಖಾಲಿ ಅಕ್ಷರ ಕಳಿಸ್ತಾ ಇರುತ್ತೆ. ಕೊನೆಗೆ ಆ ಓಕೆಯ ಒಳಗಿಂದಲೇ ‘ಆಗಲಿಲ್ಲ’ ಅನ್ನೋ ಸಂದೇಶ ಬರಬಹುದು. ಓಕೆ ಕಂಡ ತಕ್ಷಣ ಮೂಲ ಫೈಲ್ ಅಳಿಸೋ ಪ್ರೋಗ್ರಾಂ ಬರೆದವರು ಇದನ್ನು ಎರಡು ಸಲ ಓದಿಕೊಳ್ಳಿ.)

ಆ ಹುಡುಗನ ವಾದ ದುರುದ್ದೇಶದ್ದಲ್ಲ. ಏನೂ ಇಲ್ಲದಕ್ಕಿಂತ ಏನೋ ಒಂದು ಮೇಲು ಅಂತ ನಾವೆಲ್ಲ ಬೆಳೆದಿರೋದೇ. ಆದರೆ ಅರ್ಧ ಕೆಲಸ ಅರ್ಧದ ಹಾಗೇ ಕಾಣ್ತಾ ಇದ್ದರೆ ಮುಂದೆ ಬರುವವನು ‘ಇದೇನು?’ ಅಂತ ಕೇಳ್ತಾನೆ. ಪೂರ್ತಿಯ ಹಾಗೆ ಕಂಡರೆ ಕೇಳೋದೇ ಇಲ್ಲ. ಕೇಳುವ ಅವಕಾಶವನ್ನೇ ನಾವು ಅವನಿಂದ ಕಿತ್ಕೊಂಡ ಹಾಗೆ. ಅದಕ್ಕೇ ನಾನು ಬೇಡ ಅಂದೆ.

ಈ ವಾದ ನನಗೆ ಇಷ್ಟು ತಾಗಲು ಆಫೀಸಿನ ಹೊರಗೂ ಒಂದು ಕಾರಣವಿತ್ತು. ಅರಸೀಕೆರೆ ಕಡೆಯ ನಮ್ಮೂರಲ್ಲಿ ತಾತನ ಜಮೀನು, ಸ್ವಲ್ಪ ತೆಂಗಿನ ತೋಟ ಇದೆ. ತಾತ ಹೋಗಿ ಬಹಳ ವರ್ಷ ಆಯ್ತು. ಅಣ್ಣತಮ್ಮಂದಿರು ಬಾಯಿಮಾತಲ್ಲೇ ಪಾಲು ಮಾಡಿಕೊಂಡು ಉಳ್ತಾ ಇದ್ದಾರೆ, ಯಾವ ಸಾಲಿನ ಮರ ಯಾರದ್ದು ಅಂತ ಮಕ್ಕಳಿಗೂ ಗೊತ್ತು. ಪಹಣಿ ಮಾತ್ರ ಇವತ್ತಿಗೂ ತಾತನ ಹೆಸರಲ್ಲೇ. ಬೆಳೆಸಾಲಕ್ಕೆ ಹೋದರೆ, ಪರಿಹಾರಕ್ಕೆ ಹೋದರೆ ವಾಪಸ್ ಕಳಿಸ್ತಾರೆ. ತುಂಡೆಲ್ಲ ತಲುಪಿದೆ, ಫೈಲ್ ಇಲ್ಲ. ಹಳ್ಳಿಯಿಂದ ಬಂದ ಎಷ್ಟೋ ಜನರ ಮನೆಯ ಕತೆ ಇದೇ ಇರುತ್ತೆ.

ಪೌತಿ ಖಾತೆಗೆ ವಂಶವೃಕ್ಷ ಬೇಕು. ತಾತನಿಗೆ ನಾಲ್ಕು ಮಕ್ಕಳು: ದೊಡ್ಡಪ್ಪ, ನಮ್ಮಪ್ಪ, ಅತ್ತೆ, ಚಿಕ್ಕಪ್ಪ. ಅತ್ತೆ ಮೂರನೆಯವರು. ಚಿಕ್ಕಪ್ಪ ನಂಗೆ ಫೋನ್ ಮಾಡಿ, ‘ಆನ್‌ಲೈನಲ್ಲಿ ಹಾಕಿಕೊಡೋ, ಮೂರು ಹೆಸರು ಸಾಕು. ಅವಳದ್ದೂ ಹಾಕಿದ್ರೆ ಸೈನಿಗೆ ಅಂತ ಮತ್ತೆ ಅಲೀಬೇಕು. ಅವಳೇನ್ ಕೇಳ್ತಾಳಾ?’ ಅಂದರು. ಸ್ಥಳ ವಿಚಾರಣೆ ಅಂತ ಒಂದಿರುತ್ತೆ, ನಿಜ. ಆದರೆ ಮೂಲತಃ ಮನೆಯವರು ಹೇಳಿದ್ದೇ ಆಧಾರ. 1, 2, 4 ಅಂತ ಕೊಟ್ಟರೆ ಕಾಗದ ಅಚ್ಚುಕಟ್ಟಾಗಿ ಬಂದರೂ ಬಂತೇ. ಅದನ್ನು ನೋಡಿದ ಬ್ಯಾಂಕಿನವರಿಗಾಗಲಿ, ಮುಂದಿನ ತಲೆಮಾರಿಗಾಗಲಿ, ಇಲ್ಲೊಬ್ಬಳು ಮಗಳಿದ್ದಳು ಅನ್ನೋ ಅನುಮಾನವೂ ಬರಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ದೇಶದ ಕಾನೂನು 2005ರಲ್ಲೇ ತಿದ್ದುಪಡಿಯಾಗಿದೆ. ಆದರೆ ವೃಕ್ಷದಲ್ಲೇ ಇಲ್ಲದ ಕೊಂಬೆಗೆ ಕಾನೂನು ಎಲ್ಲಿಂದ ನೀರು ಹಾಕುತ್ತೆ?

‘ಅವಳೇ ಬೇಡ ಅಂದ್ರೆ?’ ಅನ್ನೋದು ಚಿಕ್ಕಪ್ಪನ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬೇಡ ಅನ್ನೋಕೂ ಒಂದು ಕ್ರಮ ಇದೆ. ಮಲ್ಟಿಪಾರ್ಟ್‌ನಲ್ಲಿ ‘ಕಂಪ್ಲೀಟ್’ ಜೊತೆಗೆ ‘ಅಬಾರ್ಟ್’ ಅಂತಲೂ ಇದೆ: ಇದನ್ನು ಮುಂದುವರಿಸಲ್ಲ, ತುಂಡುಗಳನ್ನು ತೆಗೆದುಹಾಕಿ ಅಂತ ಬಾಯಿಬಿಟ್ಟು ಹೇಳೋದು. ಕೈಬಿಡೋದನ್ನು ನಾವು ಸೋಲು ಅಂತ ತಿಳಿದಿದ್ದೀವಿ. ನಂಗೆ ಹಾಗನಿಸಲ್ಲ, ಹೇಳಿ ಕೈಬಿಟ್ಟದ್ದಕ್ಕೆ ಒಂದು ಮರ್ಯಾದೆ ಇದೆ. ಜಮೀನಲ್ಲಿ ಅದಕ್ಕೆ ಹಕ್ಕು ಬಿಡುಗಡೆ ಪತ್ರ ಅಂತಾರೆ, ರಿಜಿಸ್ಟರ್ ಆಗಬೇಕು, ಅತ್ತೆಯೇ ಬಂದು ಸಹಿ ಹಾಕಬೇಕು. ಆದರೆ ಬಿಡೋಕಾದರೂ ಮೊದಲು ಹೆಸರು ಇರಬೇಕಲ್ಲ.

ಆಫೀಸಿನ ರಾಶಿಯನ್ನು ಕೊನೆಗೆ ಹೀಗೆ ವಿಲೇವಾರಿ ಮಾಡಿದೆವು: ಶುರು ಮಾಡಿ 7 ದಿನದಲ್ಲಿ ಮುಗಿಯದ ಅಪ್‌ಲೋಡ್ ತಾನಾಗಿ ಅಬಾರ್ಟ್ ಆಗಲಿ ಅಂತ ಒಂದು ನಿಯಮ. 2016ರಿಂದ ಎಸ್3ಯಲ್ಲೇ ಇರುವ ಸೌಲಭ್ಯ ಅದು. ವಿಡಿಯೋಗಳಿದ್ದ ಬಕೆಟ್ಟಿಗೆ ಮಾತ್ರ ನಿಯಮ ಹಾಕದೆ, ಶುರು ಮಾಡಿದವರ ಹೆಸರು ಪಟ್ಟಿಯಲ್ಲಿ ಸಿಗುತ್ತಲ್ಲ, ಅವರನ್ನು ಹುಡುಕಿ ಕೇಳಿದೆವು. ಒಬ್ಬರು ಮೂಲ ಪ್ರತಿ ಇದೆ ಅಂದರು. ಇನ್ನೊಬ್ಬರು ಉತ್ತರ ಕೊಡಲಿಲ್ಲ, ಆ ತುಂಡುಗಳಿಗೆ ನಾನು ಅಲ್ಲಿರೋ ತನಕ ಬಾಡಿಗೆ ಕಟ್ಟಿಸ್ತಾ ಇದ್ದೆ.

ಊರಿನ ಅರ್ಜಿಯಲ್ಲಿ ನಾಲ್ಕೂ ಹೆಸರು ತುಂಬಿ, ಕಳಿಸೋ ಮುಂಚೆ ಅತ್ತೆಗೆ ಫೋನ್ ಮಾಡಿದೆ. ‘ತವರು ಇದ್ರೆ ಸಾಕಪ್ಪ, ನಂಗ್ಯಾಕೆ ಜಮೀನು’ ಅಂತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಹಾಕಿದ್ದೀಯಾ? ಹಾಕಿರು. ಬಿಡೋದೋ ಇಟ್ಕೊಳ್ಳೋದೋ ಆಮೇಲೆ ನಿಮ್ಮಪ್ಪಂಗೆ ನಾನೇ ಹೇಳ್ತೀನಿ’ ಅಂದರು. ಇನ್ನೂ ಹೇಳಿಲ್ಲ. ಚಿಕ್ಕಪ್ಪ ಮಾತ್ರ ವಾರಕ್ಕೊಮ್ಮೆ ಕೇಳ್ತಾ ಇದ್ದಾರೆ.