ಬದು ತೆಗೆಸಿದವನ ಕರುಣೆ

ಹೋದ ವರ್ಷ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಸೇಡಂ ಹತ್ತಿರದ ಹಳ್ಳಿ ನಮ್ಮದು. ತೊಗರಿ ಬಿತ್ತೋ ಮುಂಚೆ ಹೊಲದ ಬದು ತೆಗೆಸಬೇಕು ಅಂತ ಅಣ್ಣ ಫೋನ್ ಮಾಡಿದ್ದಾಗ, ಬೆಂಗಳೂರಲ್ಲಿ ಮೀಟಿಂಗ್ ಮಧ್ಯೆಯೇ ಜೆಸಿಬಿ ಬಾಡಿಗೆ ಕಳಿಸಿದ್ದೆ. ಬದುವಿನ ಮೇಲಿದ್ದ ಬಾರಿ ಕಂಟಿ, ಜಾಲಿ ಕಂಟಿ ಎಲ್ಲ ಹೋಯ್ತು. ಎರಡು ಗುಂಟೆ ಹೆಚ್ಚಾಯ್ತು. ನನಗೂ ಖುಷಿಯೇ.

ಆ ಕಿತ್ತ ಮಣ್ಣಿನ ಮೇಲೆ ಅಣ್ಣನ ಮಗಳಿಗೆ ಮೂರು ಗೋಸುಂಬೆ ಮರಿ ಸಿಕ್ಕವು. ನಾವು ಬೈಗುಳಕ್ಕೆ ಬಳಸೋ ಊಸರವಳ್ಳಿ ಇದೇ. ಒಂದೊಂದೂ ಕಿರುಬೆರಳಿಗಿಂತ ಚಿಕ್ಕದು. ಒಂದು ಕಣ್ಣು ಅವಳನ್ನು, ಇನ್ನೊಂದು ಕಣ್ಣು ನನ್ನನ್ನು ನೋಡ್ತಿತ್ತು. ಹಾಗೇ ಬಿಟ್ಟರೆ ಕಾಗೆ ಪಾಲು ಅಂತ ಶೂ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಬಾಟಲಿ ಮುಚ್ಚಳದಲ್ಲಿ ನೀರಿಟ್ಟೆ. ಬೆಂಗಳೂರಿಗೆ ಒಯ್ದು ಬಾಲ್ಕನಿಯಲ್ಲಿ ಸಾಕೋಣ ಅನ್ನೋವರೆಗೂ ಮನಸ್ಸು ಓಡಿತ್ತು.

ಬೆಳಗ್ಗೆ ನೋಡಿದರೆ ಒಂದು ಸತ್ತಿತ್ತು, ಮುಚ್ಚಳದ ಪಕ್ಕದಲ್ಲೇ. ನೀರು ಹಾಗೇ ಇತ್ತು. ಉಳಿದೆರಡು ಕಪ್ಪಗಾಗಿದ್ದವು. "ಕಾಕಾ, ಇವಕ್ಕ ಸಿಟ್ಟು ಬಂದದ" ಅಂದಳು ಹುಡುಗಿ.

ಮೊಬೈಲ್ ತೆಗೆದು ಓದಿದ್ದು ಆಮೇಲೆ. ಗೋಸುಂಬೆಗೆ ನಿಂತ ನೀರು ನೀರಂತಲೇ ಸಾಮಾನ್ಯವಾಗಿ ತಿಳಿಯೋದಿಲ್ಲ. ಅದು ಎಲೆ ಮೇಲಿನ ಹನಿಯನ್ನು ನೆಕ್ಕುತ್ತೆ. ಅದು ಕಪ್ಪಾಗೋದು ಮೋಸ ಮಾಡೋಕಲ್ಲ; ಚಳಿಗೆ, ಭಯಕ್ಕೆ. ಬೇವಿನ ಟೊಂಗೆಗೆ ನೀರು ಚಿಮುಕಿಸಿದೆ. ಎರಡೂ ನಾಲಿಗೆ ಚಾಚಿದವು. ಸತ್ತಿದ್ದು ಬಾಯಾರಿಕೆಯಿಂದಲೋ ಗಾಬರಿಯಿಂದಲೋ, ಎರಡಕ್ಕೂ ಕಾರಣ ನಾನೇ. ಪ್ರೀತಿ ಇತ್ತು ನಿಜ. ಆದರೆ ಪ್ರೀತಿ ಇದ್ದವನಿಗೆ ತಿಳ್ಕೊಳ್ಳೋ ಕೆಲಸ ಮಾಫಿ ಆಗುತ್ತಾ?

"ಇವಕ್ಕ ಅವ್ವ ಇಲ್ಲೇನು?" ಅಂತ ಕೇಳಿದಳು. ತಾಯಿ ನೆಲಕ್ಕಿಳಿದು ಗುಂಡಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೋಗಿಬಿಡ್ತಾಳೆ, ತಿರುಗಿ ಬರೋದಿಲ್ಲ ಅಂದೆ. ಮೊಟ್ಟೆ ಒಡೆಯೋಕೆ ತಿಂಗಳುಗಳೇ ಬೇಕು. ಹೊರಬಂದ ಮರಿ ತಾನೇ ಕಂಟಿ ಹತ್ತಬೇಕು, ತಾನೇ ಹುಳ ಹಿಡೀಬೇಕು. "ಎಂಥಾ ಅವ್ವ!" ಅಂದಳು. ನನಗೂ ಮೊದಲು ಹಾಗೇ ಅನ್ನಿಸ್ತು. ಆಮೇಲೆ ಯೋಚಿಸಿದೆ. ಅವಳು ಮಾಡಬೇಕಾದ್ದೆಲ್ಲ ಮರಿ ಹುಟ್ಟೋ ಮೊದಲೇ ಮುಗಿದಿತ್ತು. ಅಗೆಯೋಕೆ ಬರೋ ಮಣ್ಣು, ಪಕ್ಕದಲ್ಲೇ ಹತ್ತೋಕೆ ಕಂಟಿ, ಕಂಟಿ ತುಂಬ ಹುಳ. ಆ ಜಾಗವೇ ಅವಳ ಆರೈಕೆ. ಅದನ್ನೇ ನಾನು ಜೆಸಿಬಿಗೆ ಕೊಟ್ಟಿದ್ದೆ.

ಜಗಲಿ ಮೇಲೆ ಕೂತಿದ್ದ ಅಪ್ಪ ಅಂದ್ರು: "ಅದರ ಮನಿ ನೀನೇ ತಗಿಸಿದಿ. ಈಗ ಡಬ್ಬ್ಯಾಗ ಮನಿ ಮಾಡಿ ಕೊಡ್ತೀ?"

ಉತ್ತರ ಇರಲಿಲ್ಲ. ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರೋ ಪ್ರಾಣಿ, ಮನೆಯಲ್ಲಿಟ್ಟು ಸಾಕೋದು ಅಪರಾಧ ಅಂತಲೂ ಅವತ್ತೇ ತಿಳೀತು. ಎರಡನ್ನೂ ಪಕ್ಕದ ಹೊಲದ ಬದುವಿನ ಕಂಟಿಯಲ್ಲಿ ಬಿಟ್ಟು ಬಂದೆವು. ಬದುಕಿದವೋ ಇಲ್ಲವೋ, ನೋಡೋಕೆ ಸಿಗಲಿಲ್ಲ.

ಇದನ್ನೆಲ್ಲ ಹೇಳಿ ಯಾರಿಗೂ ಬುದ್ಧಿ ಹೇಳೋ ಸ್ಥಿತಿಯಲ್ಲಿ ನಾನಿಲ್ಲ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮ ಆಯ್ತು, ಸಂತೋಷ. ಆದರೆ ಸೇಡಂ, ಚಿತ್ತಾಪುರದ ಹೊಲಗಳಲ್ಲಿ ಇಂಥ ಜೀವಕ್ಕೆ ಬದುವೇ ಕಾಡು. ಉಳಿದ ನೆಲದ ಕಥೆ ಗೊತ್ತೇ ಇದೆ. ವಾಡಿಯಲ್ಲಿ ಸುಣ್ಣದಕಲ್ಲು ಸಿಮೆಂಟ್ ಆಗುತ್ತೆ, ಶಹಾಬಾದಿನಲ್ಲಿ ಮನೆಗೆ ಹಾಸೋ ಕಲ್ಲಾಗುತ್ತೆ. ಆ ಸಿಮೆಂಟಿನ ಫ್ಲ್ಯಾಟಲ್ಲೇ ನಾನಿರೋದು. ಬಿಇ ಫೀಸು ಕಟ್ಟಿದ್ದು ತೊಗರಿ ರೊಕ್ಕದಲ್ಲೇ. ನೆಲ ಅಗೆಯದೇ ಬದುಕೋಕೆ ಆಗಲ್ಲ. ಆದರೆ ಎಷ್ಟು ಅಗೆದರೆ ಸಾಕು ಅನ್ನೋದನ್ನ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈ ವರ್ಷ ಅಣ್ಣ ಇನ್ನೊಂದು ಬದುವಿನ ವಿಷಯ ತೆಗೆದ. ಬಿಡೋಣ ಅಂದೆ. "ಎರಡು ಗುಂಟಿ ತೊಗರಿ ರೊಕ್ಕ ನೀ ಕೊಡ್ತಿಯೇನು?" ಅಂದ. ನ್ಯಾಯವಾದ ಮಾತು; ಬಿಸಿಲಲ್ಲಿ ದುಡಿಯೋನು ಅವನು. ಕೊಡ್ತೀನಿ ಅಂದೆ. ಡಬ್ಬಿಯಲ್ಲಿಟ್ಟು ಮುದ್ದು ಮಾಡಿದಾಗ ನನ್ನ ಜೇಬಿಂದ ಏನೂ ಹೋಗಿರಲಿಲ್ಲ. ಈಗ ಹೋಗುತ್ತೆ. ಆ ಕಂಟಿಯಲ್ಲಿ ಗೋಸುಂಬೆ ಇದೆಯೋ ಇಲ್ಲವೋ, ನಾನು ಹುಡುಕೋಕೆ ಹೋಗಿಲ್ಲ.